ಅಕ್ಟೋಬರ್ 3ರಂದು ಟ್ಯೂಬಿಂಗೆನ್ ತಲುಪಿದರೆ ತೊಂದರೆಯಾಗುತ್ತದೆಯೇ?

ಪ್ರಶ್ನೆ (ಹನುಮಂತನಗರದಿಂದ):

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ವಿದ್ಯಾರ್ಥಿ ವಿನಿಮಯದಡಿ ಒಂದು ಸೆಮಿಸ್ಟರ್‌ ಮಟ್ಟಿಗೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ಹೊರಟಿದ್ದೇನೆ. ವೀಸಾ ಬಂದಿದೆ. ವಸತಿಗೃಹದಲ್ಲಿ ಅಕ್ಟೋಬರ್ 1ರಿಂದ ಕೋಣೆಯೂ ಸಿಕ್ಕಿದೆ.

ನಮ್ಮ ಮನೆಯಲ್ಲಿ ಈವರೆಗೆ ಯಾರೂ ವಿಮಾನ ಹತ್ತಿದವರಲ್ಲ. ಗಾಂಧಿ ಜಯಂತಿಯಂದು ಎಲ್ಲರಿಗೂ ರಜೆ, ಅಜ್ಜಿಯೂ ಸೇರಿ ದೇವನಹಳ್ಳಿಯವರೆಗೆ ಬಂದು ಕಳುಹಿಸಿಕೊಡಬಹುದು ಎಂದು ಅಪ್ಪ ಅಕ್ಟೋಬರ್ 2, ಶುಕ್ರವಾರ ರಾತ್ರಿಯ ವಿಮಾನ ನೋಡಿಟ್ಟಿದ್ದಾರೆ. ಶನಿವಾರ ಬೆಳಿಗ್ಗೆ ಫ್ರಾಂಕ್‌ಫರ್ಟ್, ಅಲ್ಲಿಂದ ರೈಲು. ಹಣ ಇನ್ನೂ ಕಟ್ಟಿಲ್ಲ. ಈ ದಿನ ಸರಿಯೇ? ಇಳಿದ ಮೊದಲ ಎರಡು ಮೂರು ದಿನ ಹೇಗಿರುತ್ತದೆ ಎಂದು ಹೋಗಿಬಂದವರು ಹೇಳುತ್ತೀರಾ? ಅಮ್ಮ ಒಂದು ಕಿಲೋ ತುಪ್ಪ, ಹಾಲಿನ ಪೇಡ, ಹಿತ್ತಲಿನ ಕರಿಬೇವು ಎಲ್ಲವನ್ನೂ ತೆಗೆದಿರಿಸಿದ್ದಾರೆ. ಪೆಟ್ಟಿಗೆಯ ಮಿತಿ 23 ಕಿಲೋ.

ಉತ್ತರ 1:

ತುಪ್ಪ, ಪೇಡ ಎರಡನ್ನೂ ಬಿಟ್ಟು ಹೋಗಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ. ಸೊಪ್ಪು, ತರಕಾರಿ, ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಧಾರಾಳವಾಗಿ ಒಯ್ಯಿರಿ.

ಉತ್ತರ 2 (ರಾಜಾಜಿನಗರದಿಂದ):

ತಂಗಿ, ಹಣ ಕಟ್ಟುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ದಯವಿಟ್ಟು ಆ ದಿನ ಬೇಡ. ಅಕ್ಟೋಬರ್ 3 ಜರ್ಮನಿಯ ರಾಷ್ಟ್ರೀಯ ರಜೆ. 1990ರಲ್ಲಿ ಎರಡು ಜರ್ಮನಿಗಳು ಒಂದಾದ ದಿನ ಅದು. ಈ ವರ್ಷ ಅದು ಶನಿವಾರ ಬಂದಿದೆ. ಮರುದಿನ ಭಾನುವಾರ, ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನೀವು ಇಳಿದ ಕ್ಷಣದಿಂದ ಸೋಮವಾರ ಬೆಳಿಗ್ಗೆಯವರೆಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿರುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನೂ ಇದೇ ಊರಿಗೆ ಒಂದು ಸೆಮಿಸ್ಟರ್ ಹೋಗಿದ್ದೆ, ಶನಿವಾರ ಮಧ್ಯಾಹ್ನ ತಲುಪಿದ್ದೆ. ಕೋಣೆಯ ಬೀಗದ ಕೈ ಕೊಡುವ ಕಚೇರಿ ಶುಕ್ರವಾರ ಮಧ್ಯಾಹ್ನವೇ ಮುಚ್ಚಿತ್ತು. ಇ-ಮೇಲ್‌ನಲ್ಲಿ ವೇಳೆ ಬರೆದೇ ಕಳುಹಿಸಿದ್ದರು, ನಾನು ಗಮನಿಸಿರಲಿಲ್ಲ. ಹೊರಗೆ ತುಂತುರು ಮಳೆ. ಎರಡು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದವನನ್ನು ಟರ್ಕಿಯ ಒಬ್ಬ ವಿದ್ಯಾರ್ಥಿ ಒಳಗೆ ಕರೆದ. ಎರಡು ರಾತ್ರಿ ಅವರ ಮಹಡಿಯ ಅಡುಗೆಮನೆಯ ಬೆಂಚಿನ ಮೇಲೆ ಮಲಗಿದೆ, ಅಮ್ಮನ ಶಾಲು ಹೊದ್ದುಕೊಂಡು. ಊಟಕ್ಕೆ ನಲ್ಲಿಯ ನೀರಿನಲ್ಲಿ ನೆನೆಸಿದ ಅವಲಕ್ಕಿ, ಮೇಲೆ ಚಟ್ನಿಪುಡಿ. (ನಲ್ಲಿಯ ನೀರನ್ನು ಹೆದರದೆ ಕುಡಿಯಬಹುದು.) ಆ ಹುಡುಗ ಭಾನುವಾರ ಬೆಳಿಗ್ಗೆ ಏನೂ ಕೇಳದೆ ನನ್ನ ಮುಂದೆ ಚಹಾ ಲೋಟ ಇಟ್ಟದ್ದನ್ನು ನೆನೆದರೆ ಇಂದಿಗೂ ಕಣ್ಣು ತೇವವಾಗುತ್ತದೆ. ಆದರೆ ಅಂಥ ಒಬ್ಬರು ಸಿಕ್ಕೇ ಸಿಗುತ್ತಾರೆ ಎಂದು ನಂಬಿ ಹೊರಡಬೇಡಿ.

ಸೋಮವಾರ ಕೋಣೆ ಸಿಕ್ಕಿತು. ಮಂಚ, ಹಾಸಿಗೆ ಇದ್ದವು. ದಿಂಬು, ಹೊದಿಕೆ ಇರಲಿಲ್ಲ. ನಿಮ್ಮ ಕೋಣೆಯಲ್ಲಿ ಇವು ಇವೆಯೇ ಎಂದು ಈಗಲೇ ಬರೆದು ಕೇಳಿ.

ಕೋಣೆಗೆ ಹೋದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನು 'ಆನ್‌ಮೆಲ್ಡುಂಗ್' ಎನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರ ಬೇಕು. ಬೀಗದ ಕೈ ಪಡೆಯುವಾಗಲೇ ಕೇಳಿ ತೆಗೆದುಕೊಳ್ಳಿ. ನಾನು ಅದಕ್ಕಾಗಿ ಮತ್ತೊಮ್ಮೆ ಹೋಗಬೇಕಾಯಿತು. ಬ್ಯಾಂಕ್ ಖಾತೆಯ ಕೆಲಸಕ್ಕೂ ಆ ನೋಂದಣಿಯ ಕಾಗದ ಬೇಕಾಯಿತು, ಆದ್ದರಿಂದ ಮೊದಲ ವಾರಗಳ ಖರ್ಚಿಗೆ ಕೈಯಲ್ಲಿ ಸ್ವಲ್ಪ ಯೂರೋ ಇರಲಿ.

ಇನ್ನೊಂದು ಮಾತು, ಇದು ಕಾಗದಪತ್ರದ್ದಲ್ಲ. ಮೊದಲ ತಿಂಗಳು ಕನ್ನಡ ಕಿವಿಗೆ ಬೀಳದೆ ಬಹಳ ಬಳಲಿದ್ದೆ. ಆಗ ತಿಳಿಯಿತು, ನಮ್ಮ ಕಿಟೆಲ್ ತೀರಿಕೊಂಡದ್ದು ಇದೇ ಟ್ಯೂಬಿಂಗೆನ್‌ನಲ್ಲಿ, 1903ರಲ್ಲಿ. 1894ರ ಅವರ ಕನ್ನಡ ನಿಘಂಟನ್ನು ಮೆಚ್ಚಿ ಈ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಇಪ್ಪತ್ತೊಂದರ ಹರೆಯದಲ್ಲಿ ನಮ್ಮ ನಾಡಿಗೆ ಬಂದಿಳಿದಾಗ ಅವರಿಗೂ ಇಲ್ಲಿ ಒಬ್ಬರ ಪರಿಚಯವೂ ಇದ್ದಿರಲಾರದು ಎಂದುಕೊಂಡು ನೆಕ್ಕಾರ್ ನದಿಯ ದಂಡೆಯಲ್ಲಿ ಬಹಳ ಹೊತ್ತು ಕುಳಿತಿದ್ದೆ. ನೀವೂ ಒಂದು ಸಂಜೆ ಅಲ್ಲಿಗೆ ಹೋಗಿ.

ಉತ್ತರ 3 (ಜಯನಗರದ ಒಬ್ಬ ತಾಯಿ):

ಮಗಳೇ, ಇದು ನಿನ್ನ ಅಮ್ಮನಿಗೆ. ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಸಂಜೆ ಐದೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ನಾಲ್ಕೂವರೆ. ಇದು ಗೊತ್ತಿಲ್ಲದೆ ನನ್ನ ಮಗ ತರಗತಿಯಲ್ಲಿದ್ದಾಗಲೆಲ್ಲ ಕರೆ ಮಾಡಿ, ಅವನು ಎತ್ತಲಿಲ್ಲವೆಂದು ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರ ಉತ್ತರಗಳನ್ನೂ ಅಪ್ಪ ಅಮ್ಮನಿಗೆ ಓದಿ ಹೇಳಿದೆ. ಬುಧವಾರ, ಸೆಪ್ಟೆಂಬರ್ 30ರ ರಾತ್ರಿಯ ವಿಮಾನಕ್ಕೆ ಹಣ ಕಟ್ಟಿಯಾಯಿತು. ಗುರುವಾರ ಸಂಜೆಯೊಳಗೆ ತಲುಪಲಾಗದಿದ್ದರೆ ಶುಕ್ರವಾರ ಬೆಳಿಗ್ಗೆ ಬೀಗದ ಕೈ ಪಡೆಯುವುದಾಗಿ ವಸತಿಗೃಹಕ್ಕೆ ಬರೆದಿದ್ದೇನೆ, ದಿಂಬು ಹೊದಿಕೆಯ ಬಗ್ಗೆಯೂ ಕೇಳಿದ್ದೇನೆ. ಅಪ್ಪ ರಜೆ ಹಾಕುತ್ತಾರಂತೆ. ಅಣ್ಣ, ಇನ್ನೊಂದು ಕೇಳಲೇ? ಕುಕ್ಕರ್ ಒಯ್ಯಬಹುದೇ?

ಉತ್ತರ 2:

ಒಯ್ಯಿರಿ. ಅಲ್ಲಿ ಗ್ಯಾಸ್ ಒಲೆ ಇರುವುದಿಲ್ಲವೆಂದೇ ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಬೇಡ; ಇಂಡಕ್ಷನ್‌ಗೂ ಆಗುವ, ತಳ ಚಪ್ಪಟೆಯಾಗಿರುವ ಸ್ಟೀಲಿನದು, ಎರಡು ಲೀಟರಿನದು ಸಾಕು. ಒಳಗೆ ಸಾರಿನ ಪುಡಿ ತುಂಬಿಸಿಡಿ, ಜಾಗ ಉಳಿಯುತ್ತದೆ.