ತಮ್ಮನ ಮಾತ್ರೆ ಚಟ: ಪ್ರತಿಮದ್ದು ಮನೆಯಲ್ಲಿರಬಹುದೇ?

ಅರಸೀಕೆರೆ ಕಡೆಯ ಸಹೋದರಿಯೊಬ್ಬರ ಪ್ರಶ್ನೆ: ನನ್ನ ತಮ್ಮ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಾನೆ. ಈಚೆಗೆ ಒಮ್ಮೆ ಎಚ್ಚರ ತಪ್ಪಿದ್ದ. ಇದಕ್ಕೆ ಪ್ರತಿಮದ್ದು ಇದೆಯಂತೆ, ಮನೆಯಲ್ಲಿ ಇಟ್ಟುಕೊಳ್ಳಬಹುದೇ? ಊರವರಿಗೆ ತಿಳಿಯದಂತೆ ಚಿಕಿತ್ಸೆ ಕೊಡಿಸುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಾಸನದಿಂದ, ತುರ್ತು ಚಿಕಿತ್ಸಾ ವಿಭಾಗದ ನರ್ಸ್ ಒಬ್ಬರು: ಅಕ್ಕ, ಆ ಔಷಧದ ಹೆಸರು ನಾಲೋಕ್ಸೋನ್. ಟ್ಯಾಪೆಂಟಡಾಲ್, ಟ್ರಮಡಾಲ್, ಹೆರಾಯಿನ್ ಇವೆಲ್ಲ ಅಫೀಮಿನ ಗುಂಪಿಗೆ ಸೇರಿದವು. ಪ್ರಮಾಣ ಮೀರಿದರೆ ಉಸಿರಾಟ ಕುಗ್ಗುತ್ತಾ ನಿಂತೇಹೋಗುತ್ತದೆ. ನಾಲೋಕ್ಸೋನ್ ಕೆಲವೇ ನಿಮಿಷಗಳಲ್ಲಿ ಆ ಉಸಿರನ್ನು ಮರಳಿಸಬಲ್ಲದು. ಅಮೆರಿಕದಲ್ಲಿ ಇದರ ಮೂಗಿನ ಸ್ಪ್ರೇಯನ್ನು ವೈದ್ಯರ ಚೀಟಿಯಿಲ್ಲದೆ ಮಾರಲು 2023ರಲ್ಲಿ ಅನುಮತಿ ನೀಡಲಾಯಿತು. ನಮ್ಮಲ್ಲಿ ಚುಚ್ಚುಮದ್ದಿಗೆ ಚೀಟಿ ಬೇಕೇ ಬೇಕು. ಮನೆಯವರ ಕೈಗೂ ಈ ಔಷಧ ಮತ್ತು ತರಬೇತಿ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಅದು ನಮ್ಮ ಜಿಲ್ಲೆಗೂ ಬರಲೇಬೇಕು. ಮನೆಯಲ್ಲಿಡುವ ವಿಷಯವನ್ನು ಮನೋವೈದ್ಯರ ಬಳಿ ಸಂಕೋಚವಿಲ್ಲದೆ ಕೇಳಿ.

ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಗೊರಗೊರ ಸದ್ದು ಬಂದರೆ ನಿದ್ದೆಯೆಂದು ಬಿಡಬೇಡಿ. 108ಕ್ಕೆ ಕರೆ ಮಾಡಿ, ಉಸಿರಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಬಂದವರಿಗೆ ಮಾತ್ರೆಯ ಹಾಳೆಯನ್ನೇ ತೋರಿಸಿ. ಮರ್ಯಾದೆಗೆ ಅಂಜಿ ‘ತಲೆಸುತ್ತಿ ಬಿದ್ದ’ ಎಂದು ಹೇಳುವ ಮನೆಯವರನ್ನು ನಾನು ನೋಡುತ್ತಲೇ ಇದ್ದೇನೆ. ಆ ಒಂದು ಮಾತಿನಿಂದ ಬೆಲೆಬಾಳುವ ನಿಮಿಷಗಳು ಹೋಗುತ್ತವೆ. ಎಚ್ಚರವಾದ ಮೇಲೆ ಆತ ಸಿಟ್ಟಾಗಿ ಮನೆಗೆ ಹೊರಡುತ್ತೇನೆಂದರೂ ಬಿಡಬೇಡಿ, ಏಕೆಂದರೆ ನಾಲೋಕ್ಸೋನ್‌ನ ಬಲ 30ರಿಂದ 90 ನಿಮಿಷಗಳಲ್ಲಿ ಇಳಿದು, ಉಸಿರು ಮತ್ತೆ ಕುಗ್ಗಬಹುದು.

ಚಿಕ್ಕಮಗಳೂರಿನಿಂದ, ತಾಯಿಯೊಬ್ಬರು: ಮಗಳೇ, ನಂಟರ ಮದುವೆಯಲ್ಲಿ ನನ್ನ ಮಗ ಕುಳಿತ ಕೂಡಲೇ ಪಕ್ಕದವರು ತಮ್ಮ ಬ್ಯಾಗನ್ನು ಮಡಿಲಿಗೆಳೆದುಕೊಂಡರು. ಅಂದಿನಿಂದ ಅವನು ಆಸ್ಪತ್ರೆಯ ಮಾತೆತ್ತಿದರೂ ಮುಖ ತಿರುಗಿಸುತ್ತಿದ್ದ. ಇದು ಕಾಯಿಲೆ ಎಂದು ನಾವು ಮನೆಯವರು ಒಪ್ಪಿ, ಬೈಯುವುದನ್ನು ಬಿಟ್ಟ ಮೇಲೆಯೇ ಅವನು ವೈದ್ಯರ ಬಳಿ ಬಂದದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ವ್ಯಸನಕ್ಕೂ ಅನ್ವಯಿಸುವುದರಿಂದ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವಂತೆ ಕೇಳುವುದು ನಿಮ್ಮ ತಮ್ಮನ ಹಕ್ಕು. ಇನ್ನೊಂದು ಮಾತು, ವ್ಯಸನಮುಕ್ತಿ ಕೇಂದ್ರದಿಂದ ಮರಳಿದ ಹೊಸತರಲ್ಲೇ ಅಪಾಯ ಹೆಚ್ಚು. ದೇಹಕ್ಕೆ ಅಭ್ಯಾಸ ತಪ್ಪಿರುವುದರಿಂದ ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಲ್ಲದು. ಅವನು ಇಂದೇ ಬರಲೊಪ್ಪದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮೊದಲು ನೀವೇ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.