ಹಳೆಯ ಫೋಟೊಗೆ ಬಣ್ಣ ತುಂಬುವಾಗ ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗಿಯೇ ಉಳಿಯುತ್ತಿದೆ

ಮಲಪ್ರಭಾ_ತೀರ (ಪ್ರಶ್ನೆ):

ನಮ್ಮ ಮನೆಯಲ್ಲಿ 1930ರ ದಶಕದ ಮದುವೆಯ ಫೋಟೊ ಒಂದಿದೆ. ಹುಬ್ಬಳ್ಳಿಯ ಸ್ಟುಡಿಯೊದಲ್ಲಿ ತೆಗೆಸಿದ್ದು. ಪ್ರಿಂಟ್ ಮಾತ್ರ ಉಳಿದಿದೆ, ನೆಗೆಟಿವ್ ಇಲ್ಲ. ಸೆರಗಿನ ಬಿಳಿ ವಿನ್ಯಾಸ ಸ್ಪಷ್ಟವಾಗಿ ಕಾಣುವುದರಿಂದ ಅಜ್ಜಿ ಉಟ್ಟಿರುವುದು ಇಳಕಲ್ ಸೀರೆಯೆಂಬುದರಲ್ಲಿ ಅನುಮಾನವಿಲ್ಲ. ಅಂದಮೇಲೆ ಸೆರಗು ಕೆಂಪಾಗಿರಲೇಬೇಕು. ಆದರೆ ಕಪ್ಪು-ಬಿಳುಪು ಫೋಟೊಗೆ ತಾನಾಗಿ ಬಣ್ಣ ತುಂಬುವ ಡಿಓಲ್ಡಿಫೈ ತಂತ್ರಾಂಶ ಅದನ್ನು ಕಪ್ಪಾಗಿಯೇ ಬಿಡುತ್ತದೆ, ಹಣೆಯ ಕುಂಕುಮವನ್ನೂ ಕಪ್ಪು ಬೊಟ್ಟು ಮಾಡುತ್ತದೆ, ಸೀರೆಯ ಒಡಲಿಗೆ ಮಣ್ಣಿನ ಕಂದು ಬಳಿಯುತ್ತದೆ. ಗಿಂಪ್‌ನಲ್ಲಿ (ಫೋಟೊ ತಿದ್ದುವ ತಂತ್ರಾಂಶ) ಹೊಸ ಲೇಯರನ್ನು, ಅಂದರೆ ಫೋಟೊದ ಮೇಲಿನ ಪದರವನ್ನು, ‘ಎಲ್‌ಸಿಎಚ್ ಕಲರ್’ ಮೋಡ್‌ನಲ್ಲಿಟ್ಟು ನಾನೇ ಕೆಂಪು ಹಚ್ಚಿದರೂ ಸೆರಗು ಬಣ್ಣ ಹಿಡಿಯುತ್ತಿಲ್ಲ. ಬಲ್ಲವರು ದಾರಿ ತೋರಿಸಬೇಕೆಂದು ವಿನಂತಿ.

ಕತ್ತಲೆಕೋಣೆ (ಉತ್ತರ):

ಈ ತೊಂದರೆ ತಂತ್ರಾಂಶಕ್ಕಿಂತ ಮೊದಲೇ, ಫೋಟೊ ತೆಗೆದ ಪ್ಲೇಟಿನಲ್ಲಿಯೇ (ಬೆಳ್ಳಿಯ ಲವಣ ಲೇಪಿಸಿದ ಗಾಜಿನ ಹಲಗೆ) ಹುಟ್ಟಿದೆ. ಬೆಳ್ಳಿಯ ಲವಣಗಳು ತಾವಾಗಿ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತವೆ. ಸೂಕ್ತ ವರ್ಣದ್ರವ್ಯ ಬೆರೆಸಿದರೆ ಹಸಿರಿಗೂ ಸ್ಪಂದಿಸುವಂತೆ ಮಾಡಬಹುದೆಂದು ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಕಂಡುಕೊಂಡರು. ಹೀಗೆ ಬಂದ ಆರ್ಥೊಕ್ರೊಮ್ಯಾಟಿಕ್ ಪ್ಲೇಟಿಗೆ ಕೆಂಪು ಬೆಳಕು ಕಾಣಿಸುವುದಿಲ್ಲ. ಕೆಂಪನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು 1906ರಿಂದಲೇ ಮಾರುಕಟ್ಟೆಯಲ್ಲಿದ್ದರೂ, ಅವನ್ನು ಪೂರ್ತಿ ಕತ್ತಲೆಯಲ್ಲಿ ಡೆವಲಪ್ ಮಾಡಬೇಕಾಗಿತ್ತು; ಕೆಂಪು ದೀಪದ ಕೆಳಗೆ ಕಣ್ಣಾರೆ ನೋಡುತ್ತ ಡೆವಲಪ್ ಮಾಡುವ ಅನುಕೂಲವನ್ನು ಬಿಟ್ಟುಕೊಡಲು ಸ್ಟುಡಿಯೊದವರಿಗೆ ಬಹುಕಾಲ ಮನಸ್ಸಾಗಲಿಲ್ಲ. ನಿಮ್ಮ ಫೋಟೊದಲ್ಲಿ ಕುಂಕುಮವೂ ಸೆರಗೂ ಒಟ್ಟಿಗೆ ಕಪ್ಪಾಗಿರುವುದೇ ಅದು ಆರ್ಥೊ ಪ್ಲೇಟು ಎಂಬುದಕ್ಕೆ ಬಲವಾದ ಕುರುಹು.

ತಂತ್ರಾಂಶಕ್ಕೆ ಇದು ತಿಳಿಯದು. ಇಂಥ ಮಾದರಿಗಳನ್ನು ಇಂದಿನ ಬಣ್ಣದ ಫೋಟೊಗಳನ್ನು ಬೂದು ಮಾಡಿ ತರಬೇತುಗೊಳಿಸಿರುತ್ತಾರೆ. ಆ ಬೂದಿನಲ್ಲಿ ಕೆಂಪು ನಡುಮಟ್ಟದಲ್ಲಿರುತ್ತದೆಯೇ ಹೊರತು ಕಪ್ಪಾಗಿರುವುದಿಲ್ಲ. ಬಟ್ಟೆ ಯಾವ ಬಣ್ಣದ್ದೂ ಆಗಿರಬಹುದಾದ ಕಡೆ ಅದು ಎಲ್ಲ ಸಾಧ್ಯತೆಗಳ ಸರಾಸರಿಯತ್ತ ಜಾರುತ್ತದೆ. ನಿಮಗೆ ಸಿಕ್ಕ ಕಂದು ಆ ಸರಾಸರಿಯೇ.

ನೀವು ಹಚ್ಚಿದ ಕೆಂಪು ಹಿಡಿಯದಿರುವುದಕ್ಕೆ ಕಾರಣ ಬೇರೆ. ಆ ಮೋಡ್ ಕೆಳಗಿನ ಲೇಯರಿನ ಹೊಳಪನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ, ಕಪ್ಪಿಗೆ ಎಷ್ಟು ಕೆಂಪು ಸೇರಿಸಿದರೂ ಕಪ್ಪೇ ಉಳಿಯುತ್ತದೆ. ಮೊದಲು ಸೆರಗಿಗೂ ಕುಂಕುಮಕ್ಕೂ ಮಾಸ್ಕ್ ಮಾಡಿ (ಉಳಿದ ಭಾಗ ಬದಲಾಗದಂತೆ ಮರೆಮಾಡಿ), ಮೂಲ ಬೂದು ಲೇಯರಿನ ಪ್ರತಿಯಲ್ಲಿ ಹೊಳಪು ತಿದ್ದುವ ಕರ್ವ್ಸ್ ಬಳಸಿ ಆ ಭಾಗಗಳನ್ನಷ್ಟೇ ನಡುಮಟ್ಟಕ್ಕೆ ಏರಿಸಿ, ಆಮೇಲೆ ಬಣ್ಣ ಹಚ್ಚಿ. ನೆರಿಗೆಯ ಮಡಿಕೆಗಳು ಸಂಪೂರ್ಣ ಕಪ್ಪಾಗಿದ್ದರೆ ಅವನ್ನು ಕೆದಕಬೇಡಿ, ಅಲ್ಲಿ ಏರಿಸಲು ಏನೂ ಇರುವುದಿಲ್ಲ.

ಒಡಲಿನ ಬಣ್ಣದ ವಿಚಾರಕ್ಕೆ ಫೋಟೊವನ್ನೇ ವಿಚಾರಿಸಬಹುದು. ಮನೆಯಲ್ಲಿರುವ, ನೆರೆಹೊರೆಯಲ್ಲಿ ಸಿಗುವ ಹಳೆಯ ಇಳಕಲ್ ಸೀರೆಗಳನ್ನು ಒಂದು ಬಿಳಿ ಧೋತರದ ಪಕ್ಕದಲ್ಲಿಟ್ಟು ಹಗಲ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಗಿಂಪ್‌ನ ಮೋನೋ ಮಿಕ್ಸರ್‌ನಲ್ಲಿ (ಮೂರು ಬಣ್ಣಗಳ ಪಾಲು ಹೇಳಿ ಬೂದು ಪ್ರತಿ ಮಾಡುವ ಸಾಧನ) ಕೆಂಪು 0, ಹಸಿರು 0.4, ನೀಲಿ 0.6 ಎಂದು ಇಟ್ಟರೆ ಆರ್ಥೊ ಪ್ಲೇಟು ಕಾಣುತ್ತಿದ್ದ ಬೂದು ಸುಮಾರಾಗಿ ಸಿಗುತ್ತದೆ. ಅದರಲ್ಲಿ ಧೋತರಕ್ಕೂ ಸೀರೆಗೂ ಇರುವ ಅಂತರವನ್ನು ನಿಮ್ಮ ಮದುವೆ ಫೋಟೊದಲ್ಲಿ ಅಜ್ಜನ ಧೋತರಕ್ಕೂ ಅಜ್ಜಿಯ ಸೀರೆಗೂ ಇರುವ ಅಂತರದೊಂದಿಗೆ ಹೋಲಿಸಿ. ಇದರಿಂದ ಬಣ್ಣ ಇಂಥದ್ದೇ ಎಂದು ಸಾಬೀತಾಗುವುದಿಲ್ಲ, ಆದರೆ ಯಾವುದು ಅಲ್ಲ ಎಂಬುದು ಖಚಿತವಾಗಿ ತಿಳಿಯುತ್ತದೆ. ಒಡಲು ಸೆರಗಿಗಿಂತ ಸಾಕಷ್ಟು ತೆಳುವಾಗಿ ಬಂದಿದ್ದರೆ ಇಳಕಲ್ಲಿನ ಪ್ರಸಿದ್ಧ ದಾಳಿಂಬೆ ಕೆಂಪನ್ನು ಪಟ್ಟಿಯಿಂದ ತೆಗೆದುಹಾಕಬಹುದು.

ಹಳೆಯ_ಆಲ್ಬಮ್ (ಉತ್ತರ):

ಮೇಲಿನ ಮಾತು ಸರಿ. ಅದೇ ಕಾರಣಕ್ಕೆ ಮುಖದ ಬಣ್ಣದಲ್ಲಿಯೂ ಎಚ್ಚರ ಬೇಕೆಂದು ಸೇರಿಸುತ್ತೇನೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪಿನ ಪಾಲು ಹೆಚ್ಚಾದ್ದರಿಂದ ಆರ್ಥೊ ಪ್ಲೇಟು ಮುಖವನ್ನು ಇದ್ದುದಕ್ಕಿಂತ ಕಪ್ಪಾಗಿ ತೋರಿಸುತ್ತದೆ. ಅದನ್ನು ಸರಿದೂಗಿಸಲು ಎಷ್ಟೋ ಸ್ಟುಡಿಯೊಗಳಲ್ಲಿ ಪೌಡರ್ ಹಚ್ಚುತ್ತಿದ್ದರು, ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಹಳೆಯ ಫೋಟೊ ನೋಡಿ ಅಜ್ಜಿ ಕಪ್ಪಗಿದ್ದರು, ಬೆಳ್ಳಗಿದ್ದರು ಎಂದು ಮನೆಮಂದಿ ತೀರ್ಮಾನಿಸುವುದಕ್ಕೆ, ನನ್ನ ಮಟ್ಟಿಗೆ, ಯಾವ ಆಧಾರವೂ ಇಲ್ಲ. ಕೈಗಳನ್ನು ನೋಡಿ, ತಿದ್ದುಪಡಿ ಅಲ್ಲಿಗೆ ಅಪರೂಪವಾಗಿ ತಲುಪುತ್ತಿತ್ತು.

ಡಿಓಲ್ಡಿಫೈನಲ್ಲಿ ರೆಂಡರ್ ಫ್ಯಾಕ್ಟರ್ (ಎಷ್ಟು ಸೂಕ್ಷ್ಮ ವಿವರದಲ್ಲಿ ಬಣ್ಣ ತುಂಬಬೇಕೆಂಬ ಅಳತೆ) ತಗ್ಗಿಸಿ ನೋಡಿ, ಮಸುಕಾದ ಹಳೆಯ ಫೋಟೊಗಳಿಗೆ ಅದು ಹೆಚ್ಚು ತುಂಬಿದ ಬಣ್ಣ ಕೊಡುತ್ತದೆ. ಪ್ರಿಂಟಿನಲ್ಲಿ ಹಳದಿ ಕಲೆಗಳಿದ್ದರೆ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ, ಕೆಂಪು ಚಾನೆಲನ್ನು (ಸ್ಕ್ಯಾನಿನ ಕೆಂಪು ಬೆಳಕಿನ ಭಾಗ) ಮಾತ್ರ ಬೂದು ಪ್ರತಿಯಾಗಿ ಬಳಸಿ. ಹಳದಿ ಕಲೆ ನೀಲಿ ಚಾನೆಲಿನಲ್ಲಿ ಗಾಢವಾಗಿ ಕಾಣುತ್ತದೆ, ಕೆಂಪಿನಲ್ಲಿ ಬಹುತೇಕ ಮಾಯವಾಗುತ್ತದೆ.

ಮಲಪ್ರಭಾ_ತೀರ:

ಇಬ್ಬರಿಗೂ ಧನ್ಯವಾದಗಳು. ಕರ್ವ್ಸ್‌ನಿಂದ ಏರಿಸಿದ ಮೇಲೆ ಸೆರಗೂ ಕುಂಕುಮವೂ ಬಣ್ಣ ಹಿಡಿದವು. ಒಡಲಿನ ಬೂದು ಬಹಳ ತೆಳುವಾಗಿದ್ದು, ದಾಳಿಂಬೆ ಕೆಂಪು ಅಲ್ಲವೆಂಬುದು ಖಚಿತವಾಯಿತು. ಆದರೆ ಗಿಳಿ ಹಸಿರೂ ತಿಳಿ ನೀಲಿಯೂ ಪರೀಕ್ಷೆಯಲ್ಲಿ ಒಂದೇ ಮಟ್ಟಕ್ಕೆ ಬರುತ್ತಿವೆ. ಯಾವುದನ್ನು ಆರಿಸಲಿ?

ಕತ್ತಲೆಕೋಣೆ:

ಆ ಎರಡನ್ನು ಪ್ಲೇಟು ಬೇರ್ಪಡಿಸಲಾರದು, ಅದನ್ನು ಹಿರಿಯರೇ ಹೇಳಬೇಕು. ಕೇಳುವಾಗ ಬಣ್ಣ ತುಂಬಿದ ಪ್ರತಿಯನ್ನು ಮೊದಲೇ ತೋರಿಸಬೇಡಿ, ನೋಡಿದ ಬಣ್ಣವೇ ನೆನಪಿನ ಬಣ್ಣವಾಗಿಬಿಡುತ್ತದೆ. ಹೇಳುವವರು ಯಾರೂ ಇಲ್ಲದಿದ್ದರೆ ಎರಡು ಪ್ರತಿ ಮಾಡಿ. ಸೆರಗು ಮತ್ತು ಕುಂಕುಮ ಆಧಾರವುಳ್ಳವು, ಒಡಲು ಊಹೆ ಎಂದು ಫೈಲಿನ ವಿವರಣೆಯಲ್ಲಿ ಬರೆದು, ಬಣ್ಣವಿಲ್ಲದ ಸ್ಕ್ಯಾನನ್ನೂ ಅದೇ ಫೋಲ್ಡರಿನಲ್ಲಿಡಿ.