ಅಪ್‌ಡೇಟ್: ಉಣುಗು ಜ್ವರದ ನಾಯಿ ಈಗ ಹೇಗಿದೆ

ಮೂಡಿಗೆರೆ ಕಡೆಯ ತೋಟದ ನಾಯಿ ಮೂರು ದಿನದಿಂದ ಅನ್ನ ಮುಟ್ಟುತ್ತಿಲ್ಲ, ಒಸಡು ಬಿಳಿಚಿದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ (ಉಣುಗು ಕಚ್ಚಿ ಹರಡುವ ಬ್ಯಾಕ್ಟೀರಿಯಾ) ಬಂತು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದಿತ್ತು.

ಡಾಕ್ಟರು ಬರೆದದ್ದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ, ಕಿಲೋ ತೂಕಕ್ಕೆ 10 ಮಿಲಿಗ್ರಾಂ, 28 ದಿನ. 20 ಕಿಲೋ ನಾಯಿಗೆ ದಿನಕ್ಕೆ 200 ಮಿಲಿಗ್ರಾಂ. ಹಾಗಾಗಿ ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ. ನಾಯಿಯನ್ನು ಎತ್ತಿಕೊಂಡು ಕಾಫಿ ತೂಗುವ ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯಿರಿ. ಈ ಮಾತ್ರೆ ಒಣಗಂಟಲಲ್ಲಿ ಅಂಟಿಕೊಂಡರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ; ಅನ್ನದ ಉಂಡೆಯೊಳಗಿಟ್ಟು ಕೊಟ್ಟು, ಹಿಂದೆಯೇ ನೀರು ಕುಡಿಸಿ. ಹಾಲು, ಮೊಸರಿನ ಜೊತೆ ಬೇಡ, ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಎರಡು ಮೂರು ದಿನಕ್ಕೆ ನಾಯಿ ಬಾಲ ಆಡಿಸುತ್ತಾ ಎದ್ದು ಬರುತ್ತದೆ. ತುಂಬ ಜನ ಮಾತ್ರೆ ನಿಲ್ಲಿಸುವುದು ಆಗಲೇ, ದಯವಿಟ್ಟು ಹಾಗೆ ಮಾಡಬೇಡಿ.

ದಿನಾ ಬೆಳಿಗ್ಗೆ ತುಟಿ ಎತ್ತಿ ಒಸಡನ್ನು ಬೆರಳಿಂದ ಒತ್ತಿ ಬಿಡಿ: ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಹೊಟ್ಟೆಯ ಚರ್ಮದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಮೂಗಲ್ಲಿ ರಕ್ತ ಕಂಡರೆ ಅದೇ ಹೊತ್ತಿಗೆ ಡಾಕ್ಟರ ಬಳಿ ಓಡಿ. ಜ್ವರಕ್ಕೆಂದು ಮನೆಯಲ್ಲಿರುವ ಐಬುಪ್ರೊಫೆನ್ ಕೊಡಲೇಬಾರದು, ರಕ್ತಸ್ರಾವ ಹೆಚ್ಚುತ್ತದೆ.

ಉಣುಗನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಉಗುರಲ್ಲಿ ಕುಕ್ಕಬೇಡಿ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಮೊದಲು ಹುಡುಕಿ.

ಮಾತ್ರೆ ಶುರುಮಾಡಿ ಇವತ್ತಿಗೆ 17ನೇ ದಿನ. ಪ್ಲೇಟ್‌ಲೆಟ್ 1.9 ಲಕ್ಷ.